ಹಳೆಯ ಉಪಾಧ್ಯಾಯರ ಮೇಲಣ ಮನಸ್ತಾಪ

ತಂದೆತಾಯಿಗಳ ತರುವಾಯ ನಮ್ಮನ್ನು ತಿದ್ದಿ ಬೆಳೆಸಿದವರು ಯಾರೆಂದು ಕೇಳಿದರೆ ಉಪಾಧ್ಯಾಯರೆಂದು ಹೇಳುತ್ತೇವೆ. ಮನಸ್ಸಿನಲ್ಲಿ ಬಹುಕಾಲ ಉಳಿದ ನೋವು ಯಾರಿಂದ ಬಂತೆಂದು ಕೇಳಿದರೂ ಅನೇಕರು ಅದೇ ಉತ್ತರವನ್ನು ಕೊಡುವರು. ಅಕ್ಷರ ಕಲಿಸಿದ ಕೈಯೇ ಬೆತ್ತವನ್ನೂ ಹಿಡಿದಿತ್ತು. ಹೀಗಿರಲಾಗಿ ಆ ಹಳೆಯ ಮನಸ್ತಾಪವನ್ನು ತೀರಿಸಿಕೊಳ್ಳುವದು ಹೇಗೆ?

ಕಾಲವೇ ಅದನ್ನು ಅಳಿಸುವದೆಂದು ಕೆಲವರು ಹೇಳುತ್ತಾರೆ. ಆದರೆ 2025ರಲ್ಲಿ ಕಾಸರಗೋಡು ಜಿಲ್ಲೆಯಲ್ಲಿ 60 ವರುಷ ದಾಟಿದ ಒಬ್ಬರನ್ನು, ನಾಲ್ಕನೆಯ ತರಗತಿಯಲ್ಲಿ ನಡೆದ ಜಗಳದ ನಿಮಿತ್ತ, ಹಳೆಯ ಸಹಪಾಠಿಗಳು ಹೊಡೆದರೆಂದು ಪೊಲೀಸರಲ್ಲಿ ದೂರು ದಾಖಲಾಯಿತು. ಆ ಜಗಳವಾಗಿ 50 ವರುಷ ಕಳೆದಿತ್ತು. ಸಮಾನರೊಳಗೆ ಹೀಗಾದರೆ, ಎದುರಾಡಲಾರದೆ ಗುರುವಿನ ಮುಂದೆ ನುಂಗಿಕೊಂಡ ನೋವು ಎಷ್ಟು ಆಳಕ್ಕೆ ಇಳಿದೀತು!

ಮೊದಲು ನೋವು ನೋವಿಗೂ ಇರುವ ಭೇದವನ್ನು ತಿಳಿಯಬೇಕು. ಕೆಲವು ನೋವುಗಳು ಹಿತವಚನದಿಂದ ಬಂದವುಗಳು. ನಮ್ಮ ತೀರ್ಥಹಳ್ಳಿ ಸೀಮೆಯ ಕುಪ್ಪಳಿಯವರಾದ ಕುವೆಂಪು ಅವರು ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ ಓದಿದವರು. ಎಳೆಯ ಪ್ರಾಯದಲ್ಲಿ ಅವರು ಇಂಗ್ಲಿಷಿನಲ್ಲಿ ಕವನ ಬರೆಯುತ್ತಿದ್ದರು. 1922ರಲ್ಲಿ ಅವುಗಳ ಚಿಕ್ಕ ಪುಸ್ತಕವೊಂದು ಅಚ್ಚಾಗಿತ್ತು. 1924ರಲ್ಲಿ ಐರಿಷ್ ಕವಿಗಳಾದ ಜೇಮ್ಸ್ ಕಸಿನ್ಸರು ಮೈಸೂರಿಗೆ ಬಂದಾಗ, ಮೆಚ್ಚುಗೆಯನ್ನು ನಿರೀಕ್ಷಿಸಿ ತಮ್ಮ ಕವನಗಳನ್ನು ಅವರಿಗೆ ತೋರಿಸಿದರು. ಸ್ವಂತ ಭಾಷೆಯಲ್ಲಿ ಏನನ್ನಾದರೂ ಬರೆದಿರುವಿರಾ ಎಂದು ಅವರು ಕೇಳಿದರು. ಯುವಕನಿಗೆ ಆ ಮಾತು ಮೊದಲು ರುಚಿಸಲಿಲ್ಲ. ಆದರೂ ಆತನು ಕನ್ನಡಕ್ಕೆ ತಿರುಗಿದನು; ಮುಂದೆ 'ಶ್ರೀ ರಾಮಾಯಣ ದರ್ಶನಂ' ಕೃತಿಗೆ 1967ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂತು. ಕಸಿನ್ಸರು ಶಾಲೆಯ ಉಪಾಧ್ಯಾಯರಲ್ಲದಿದ್ದರೂ ಆ ಘಳಿಗೆಯಲ್ಲಿ ಗುರುವಿನ ಕೆಲಸವನ್ನೇ ಮಾಡಿದರು. ಇಂಥ ನೋವನ್ನು ಹಗೆಯಾಗಿ ಇಟ್ಟುಕೊಳ್ಳುವವನು ತನಗೆ ಬಂದ ಲಾಭವನ್ನೇ ತಳ್ಳಿಬಿಡುತ್ತಾನೆ.

ಆದರೆ ಎಲ್ಲಾ ನೋವೂ ಇಂಥದ್ದಲ್ಲ. ಹಿಂದಿನ ಐಗಳ ಮಠಗಳಲ್ಲಿ ಹುಡುಗರನ್ನು ಹಗ್ಗಕ್ಕೆ ತೂಗಹಾಕುವ ಕೋದಂಡವೆಂಬ ಶಿಕ್ಷೆಯಿತ್ತು. ಜಾತಿಯ ನಿಮಿತ್ತ ಜಗಲಿಯ ಹೊರಗೆ ಕುಳ್ಳಿರಿಸಲ್ಪಟ್ಟು, ದೂರದಿಂದ ಪಾಠ ಕೇಳಿದ ಮಕ್ಕಳು ಎಷ್ಟೋ ಮಂದಿ. ಪೆಟ್ಟು ತಿಂದದ್ದರಿಂದಲೇ ಬುದ್ಧಿ ಬಂತೆಂದು ಹೇಳುವ ವಾಡಿಕೆಯುಂಟು. ಹೊರಗೆ ಕುಳ್ಳಿರಿಸಿದ್ದರಿಂದ ಯಾವ ಬುದ್ಧಿ ಬಂತು? 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ಮಕ್ಕಳನ್ನು ಹೊಡೆಯುವದನ್ನೂ ಅವರ ಮನಸ್ಸನ್ನು ಹಿಂಸಿಸುವದನ್ನೂ ನಿಷೇಧಿಸಿದೆ. ಅನ್ಯಾಯವನ್ನು ಕ್ಷಮಿಸಬಹುದು; ಅದನ್ನು ನ್ಯಾಯವೆಂದು ಕರೆಯಬಾರದು.

ಹಾಗಾದರೆ ಉಪಕಾರವನ್ನೂ ಅಪಕಾರವನ್ನೂ ಒಬ್ಬರೇ ಮಾಡಿದಾಗ ಏನು ಮಾಡತಕ್ಕದ್ದು? ತೋಟದವನು ಅಡಿಕೆ ಮಂಡಿಯಿಂದ ಮುಂಗಡ ಪಡೆದಿದ್ದಾನೆ; ಮಂಡಿಯವನು ತೂಕದಲ್ಲಿ ಕಡಿಮೆ ಹಿಡಿದಿದ್ದಾನೆ ಎಂದು ಇಟ್ಟುಕೊಳ್ಳೋಣ. ತೂಕ ತಪ್ಪಿತೆಂದು ಮುಂಗಡವನ್ನು ಪಡೆಯಲೇ ಇಲ್ಲವೆನ್ನಬಹುದೇ? ಮುಂಗಡ ಕೊಟ್ಟನೆಂದು ತೂಕದ ಮೋಸವನ್ನು ಮುಚ್ಚಿಡಬಹುದೇ? ಎರಡನ್ನೂ ಬರೆದ ಮೇಲೆಯೇ ಲೆಕ್ಕ ಚುಕ್ತಾ ಮಾಡಲಾಗುವದು. ಗುರುವಿನ ದೋಷವನ್ನು ಎತ್ತಿದರೆ ಕೃತಘ್ನತೆಯೆಂದು ಹೆದರುವವರೂ, ದೋಷದ ದೆಸೆಯಿಂದ ಕಲಿತದ್ದನ್ನೆಲ್ಲಾ ಹಳಿಯುವವರೂ ಅರ್ಧ ಲೆಕ್ಕವನ್ನೇ ಬರೆಯುತ್ತಾರೆ.

ಇನ್ನು, ಮೊದಲು ಹೋಗತಕ್ಕವರು ಯಾರು? ಕರ್ತನು ಬೆಟ್ಟದ ಪ್ರಸಂಗದಲ್ಲಿ ತಪ್ಪು ಮಾಡಿದವನನ್ನೇ ಯಜ್ಞವೇದಿಯ ಬಳಿಯಿಂದ ಕಳುಹಿಸುತ್ತಾನೆ. ಮತ್ತೊಂದು ಕಡೆಯಲ್ಲಿ ತಪ್ಪಿಗೆ ಒಳಗಾದವನನ್ನು ಹೋಗೆನ್ನುತ್ತಾನೆ. ಇಬ್ಬರೂ ವಿಧೇಯರಾದರೆ ನಡುದಾರಿಯಲ್ಲಿ ಸಂಧಿಸುವರು. ಆದರೆ ನೂರಾರು ಮಂದಿಗೆ ಕಲಿಸಿದ ಉಪಾಧ್ಯಾಯರಿಗೆ ಆ ಒಂದು ದಿನದ ನೆನಪೇ ಇರಲಿಕ್ಕಿಲ್ಲ. ಆದುದರಿಂದ ನೆನಪಿರುವವನೇ ಹೊರಡಬೇಕಾಗುತ್ತದೆ. ಸಭೆಯಲ್ಲಿ ಅಲ್ಲ, ಸಂತೆಯಲ್ಲಿ ಅಲ್ಲ. ಒಬ್ಬನೇ ಅವರ ಮನೆಗೆ ಹೋಗಿ, ಮೊದಲು ಕಲಿತದ್ದಕ್ಕೆ ವಂದನೆ ಹೇಳಿ, ಆಮೇಲೆ ನೊಂದದ್ದನ್ನು ಹೆಚ್ಚುಕಡಿಮೆ ಮಾಡದೆ ಹೇಳಲಿ. ಅವರು ಒಪ್ಪಿಕೊಂಡರೆ ಸಂತೋಷ. ಒಪ್ಪದಿದ್ದರೂ ಹೇಳತಕ್ಕದ್ದನ್ನು ಹೇಳಿಯಾಯಿತು. ಮಕ್ಕಳ ಮಾನಕ್ಕೂ ದೇಹಕ್ಕೂ ಘೋರ ಅಪರಾಧವಾದಲ್ಲಿ ಮಾತ್ರ ಇದು ಸಾಲದು. ಆ ಮಾತು ಕಾನೂನಿನ ಮುಂದೆ ಹೋಗಬೇಕು, ನೊಂದವರನ್ನು ಒಂಟಿಯಾಗಿ ಕಳುಹಿಸಲೂಬಾರದು.

ಉಪಾಧ್ಯಾಯರು ತೀರಿಹೋಗಿದ್ದರೆ ಏನು? ಕೊಳೆ ಹಿಡಿದ ಅಡಿಕೆ ಕೊನೆಯನ್ನು ಮರದಲ್ಲಿಯೇ ಬಿಟ್ಟರೆ ಮುಂದಿನ ಮಳೆಗಾಲದಲ್ಲಿ ರೋಗವು ಅಲ್ಲಿಂದಲೇ ಹಬ್ಬುವದೆಂದು ನಮ್ಮ ತೋಟದವರು ಬಲ್ಲರು. ಗುರುವಿನ ಮೇಲಣ ಸಿಟ್ಟು ಮನೆಯ ಮಕ್ಕಳ ಬೆನ್ನಿನ ಮೇಲೆ ಬೀಳುವದು ಅದೇ ರೀತಿಯಲ್ಲಿ. ಮಗುವನ್ನು ಪಾಠಕ್ಕೆ ಕುಳ್ಳಿರಿಸಿದಾಗ ಕೈ ಮೇಲೇಳುವದಾದರೆ, ಅದು ಯಾರ ಕೈಯೆಂದು ಒಂದು ಕ್ಷಣ ನೋಡಿಕೊಳ್ಳೋಣ. ಅದನ್ನು ಕೆಳಗಿಳಿಸಿ, ಅದೇ ಗುರುವು ಕಲಿಸಿದ ಅಕ್ಷರವನ್ನು ಮಗುವಿಗೆ ತಾಳ್ಮೆಯಿಂದ ತಿದ್ದಿಸೋಣ.