ದಾರಿಹೋಕನ ಪಾಲು

ಊರಿಗೆ ಬಂದವನಿಗೆ ಊರು ಏನನ್ನು ಕೊಡಬೇಕು? ಈ ಪ್ರಶ್ನೆಗೆ ಎರಡು ಉತ್ತರಗಳು ಬಹುಕಾಲದಿಂದ ನಡೆದುಬಂದಿವೆ. ಬಂದವನು ಅತಿಥಿ, ಅವನಿಗೆ ನೀರು ನೆರಳು ಅನ್ನ ಕೊಡುವುದು ಧರ್ಮ ಎಂಬುದು ಒಂದು. ಬಂದವನು ಗಿರಾಕಿ, ಕೊಟ್ಟ ಹಣಕ್ಕೆ ತಕ್ಕ ಸೌಕರ್ಯ ಪಡೆಯುವುದು ಅವನ ಹಕ್ಕು ಎಂಬುದು ಇನ್ನೊಂದು. ಛತ್ರ, ಅರವಟ್ಟಿಗೆಗಳು ಮೊದಲನೆಯದರಿಂದ ಹುಟ್ಟಿದವು. ಲಾಡ್ಜು, ಹೋಟೆಲುಗಳು ಎರಡನೆಯದರಿಂದ. ಇವೆರಡಕ್ಕೂ ಸೇರದ ಮೂರನೆಯ ಉತ್ತರವೊಂದಿದೆಯೇ ಎಂದು ಹುಡುಕಹೊರಟವರಿಗೆ ಅಮೆರಿಕದ ಸಣ್ಣ ಊರುಗಳ ಒಂದು ಏರ್ಪಾಡು ವಿಚಾರಕ್ಕೆ ಯೋಗ್ಯವಾದ ಸಾಮಗ್ರಿಯನ್ನು ಒದಗಿಸುತ್ತದೆ.

ಆ ದೇಶದಲ್ಲಿ ಹಾಸಿಗೆ, ಒಲೆ, ಶೌಚಗೃಹಗಳನ್ನೆಲ್ಲ ಒಳಗೊಂಡ ವಾಹನದಲ್ಲಿ ಊರಿಂದೂರಿಗೆ ಸಂಚರಿಸುವವರು ಬಹಳ. ಆರ್‌ವಿ ಎಂದು ಕರೆಯುವ ಈ ಚಕ್ರದ ಮನೆ ರಾತ್ರಿ ಎಲ್ಲಿಯಾದರೂ ನಿಲ್ಲಲೇಬೇಕು. ಖಾಸಗಿ ತಾಣಗಳಲ್ಲಿ ಒಂದು ರಾತ್ರಿಗೆ 50 ಡಾಲರಿಗೂ ಮಿಕ್ಕಿ ತೆರುವುದು ಈಗ ಸಾಮಾನ್ಯ. ನೆಬ್ರಾಸ್ಕ, ಕಾನ್ಸಸ್, ದಕ್ಷಿಣ ಡಕೋಟಗಳಂಥ ಬಯಲುಸೀಮೆಯ ರಾಜ್ಯಗಳಲ್ಲಿ ಅನೇಕ ಪುರಸಭೆಗಳು ಊರಿನ ಉದ್ಯಾನದ ಒಂದು ಅಂಚಿನಲ್ಲಿ ಇಂಥ ವಾಹನಗಳಿಗೆ ಜಾಗ ಬಿಟ್ಟಿವೆ. ವಿದ್ಯುತ್ತಿನ ಕಂಬ, ಕುಡಿಯುವ ನೀರಿನ ನಲ್ಲಿ, ಒಂದು ಮೇಜು, ಕೊಳಚೆ ನೀರನ್ನು ಬಿಡಲು ಒಂದು ಗುಂಡಿ. ಇಷ್ಟೇ ಅಲ್ಲಿಯ ವೈಭವ. ಶುಲ್ಕ ಖಾಸಗಿ ತಾಣದ ಅರ್ಧಕ್ಕಿಂತಲೂ ಕಡಿಮೆಯಿರುವುದುಂಟು. ಕೆಲವು ಊರುಗಳಲ್ಲಿ ಮೊದಲ ರಾತ್ರಿ ಉಚಿತ. ಹಲವೆಡೆ ಹಣ ಪಡೆಯಲು ಗುಮಾಸ್ತನೂ ಇರುವುದಿಲ್ಲ. ಬಾಗಿಲ ಬಳಿ ನೆಟ್ಟ ಕಬ್ಬಿಣದ ಪೆಟ್ಟಿಗೆಯಿಂದ ಲಕೋಟೆ ತೆಗೆದುಕೊಂಡು, ವಾಹನದ ಸಂಖ್ಯೆ ಬರೆದು, ಹಣವಿಟ್ಟು ಸೀಳಿನೊಳಗೆ ತೂರಿಸಿದರೆ ಮುಗಿಯಿತು.

ನೆಬ್ರಾಸ್ಕದ ಬಿಯಾಟ್ರಿಸ್ ಎಂಬ ಊರಿನ ಷಟಾಕ್ವ ಉದ್ಯಾನ ಇಂಥದೊಂದು ತಾಣ. ಆ ಹೆಸರು ಸಾಹಿತ್ಯ ಸಮ್ಮೇಳನದ ಓದುಗರಿಗೆ ಹಿತವೆನಿಸಬಹುದು. 1874ರಲ್ಲಿ ನ್ಯೂಯಾರ್ಕ್ ರಾಜ್ಯದ ಷಟಾಕ್ವ ಸರೋವರದ ದಡದಲ್ಲಿ ಆರಂಭವಾದ ಚಳವಳಿಯೊಂದು ಊರೂರಿನ ತೋಪುಗಳಲ್ಲಿ ಬೇಸಿಗೆಯ ಉಪನ್ಯಾಸ, ಸಂಗೀತ, ಕಾವ್ಯವಾಚನಗಳನ್ನು ಏರ್ಪಡಿಸುತ್ತಿತ್ತು. ಸುತ್ತಲಿನ ರೈತಕುಟುಂಬಗಳು ಗುಡಾರ ಹೂಡಿ ದಿನಗಟ್ಟಲೆ ತಂಗಿ ಕೇಳುತ್ತಿದ್ದವು. ಅಂಥ ನೆಲದಲ್ಲಿಯೇ ಇಂದು ದಾರಿಹೋಕರ ವಾಹನಗಳು ನಿಲ್ಲುತ್ತವೆ.

ಈ ಏರ್ಪಾಡಿನ ಹುಟ್ಟನ್ನು ನೋಡಿದರೆ ನಮ್ಮ ಪ್ರಶ್ನೆ ತೀಕ್ಷ್ಣವಾಗುತ್ತದೆ. ಮೋಟಾರು ಕಾರು ಮಧ್ಯಮವರ್ಗದ ಕೈಗೆ ಬಂದಾಗ ಜನರು ಗುಡಾರ ಕಟ್ಟಿಕೊಂಡು ಹೊರಟರು. 1919ರಲ್ಲಿ ಫ್ಲಾರಿಡದ ಟಾಂಪ ನಗರದ ಡಿ ಸೋಟೊ ಉದ್ಯಾನದಲ್ಲಿ ಬೀಡುಬಿಟ್ಟವರು 'ಟಿನ್ ಕ್ಯಾನ್ ಟೂರಿಸ್ಟ್ಸ್' ಎಂಬ ಸಂಘವನ್ನೇ ಕಟ್ಟಿಕೊಂಡರು. ಬಂದವರು ಅಂಗಡಿಗಳಲ್ಲಿ ಕೊಳ್ಳುತ್ತಾರೆಂಬ ಲೆಕ್ಕದಿಂದ ಊರೂರುಗಳು ಉಚಿತ ಬಿಡಾರಗಳನ್ನು ತೆರೆದವು. ಆದರೆ ಹಳೆಯ ಕಾರುಗಳು ಅಗ್ಗವಾದಂತೆ, ಕೆಲಸ ಹುಡುಕುತ್ತ ಅಲೆಯುವ ಬಡಕುಟುಂಬಗಳೂ ಅಲ್ಲಿಗೆ ಬರತೊಡಗಿದವು. 1920ರ ದಶಕದ ಮಧ್ಯಭಾಗದಿಂದ ಅನೇಕ ಊರುಗಳು ಶುಲ್ಕವನ್ನೂ ದಿನಗಳ ಮಿತಿಯನ್ನೂ ವಿಧಿಸಿದವು. ನಿರ್ವಹಣೆಯ ವೆಚ್ಚ ಒಂದು ಕಾರಣವಾದರೆ, 'ಬೇಡದವರನ್ನು' ದೂರವಿಡುವುದು ಇನ್ನೊಂದು ಕಾರಣವಾಗಿತ್ತು.

ಅಂದರೆ ಶುಲ್ಕಕ್ಕೆ ಎರಡು ಮುಖಗಳಿವೆ. ಪುಕ್ಕಟೆಯಾಗಿ ಪಡೆದವನು ಕೊಟ್ಟವನ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಅಲ್ಪಸ್ವಲ್ಪವಾದರೂ ತೆತ್ತವನು ನೆಟ್ಟಗೆ ನಿಲ್ಲುತ್ತಾನೆ. ನಲ್ಲಿಯ ದುರಸ್ತಿಗೆ ತಾನೂ ಕೈಗೂಡಿಸಿದೆನೆಂಬ ಭಾವ ಅವನನ್ನು ಊರಿನ ಪಾಲುದಾರನನ್ನಾಗಿ ಮಾಡುತ್ತದೆ. ಇದು ಒಂದು ಮುಖ. ಅದೇ ಶುಲ್ಕ ಜರಡಿಯೂ ಆಗಬಲ್ಲದು. ಇವೆರಡನ್ನೂ ಬೇರ್ಪಡಿಸುವುದು ಅದರ ಉದ್ದೇಶ: ತಾಣವನ್ನು ಉಳಿಸಲು ವಿಧಿಸಿದ ಶುಲ್ಕ ಧರ್ಮ್ಯವಾದುದು, ಮನುಷ್ಯರನ್ನು ಸೋಸಲು ವಿಧಿಸಿದ್ದು ಹಾಗಲ್ಲ. ಅನೇಕ ಖಾಸಗಿ ತಾಣಗಳಲ್ಲಿ ಹತ್ತು ವರ್ಷಕ್ಕಿಂತ ಹಳೆಯ ವಾಹನಕ್ಕೆ ಪ್ರವೇಶವಿಲ್ಲವೆಂಬ ನಿಯಮವಿದೆ. ಪುರಸಭೆಯ ತಾಣ ಸಾಮಾನ್ಯವಾಗಿ ವಾಹನದ ವಯಸ್ಸನ್ನು ಕೇಳುವುದಿಲ್ಲ. ಲಕ್ಷಾಂತರ ಡಾಲರಿನ ಬಸ್ಸಿನಂಥ ವಾಹನವೂ ತುಕ್ಕುಹಿಡಿದ ವ್ಯಾನೂ ಅಕ್ಕಪಕ್ಕದಲ್ಲಿ ನಿಂತು ಒಂದೇ ನಲ್ಲಿಯ ನೀರು ಹಿಡಿಯುತ್ತವೆ. ಬಂದವನು ಇಲ್ಲಿ ದಯೆಯ ಪಾತ್ರನೂ ಅಲ್ಲ, ಕೇವಲ ಗಿರಾಕಿಯೂ ಅಲ್ಲ. ಸಾರ್ವಜನಿಕ ಸ್ವತ್ತಿನಲ್ಲಿ ಒಂದು ರಾತ್ರಿಯ ಪಾಲುಳ್ಳವನು. ನಾನು ಹೇಳಿದ ಮೂರನೆಯ ಉತ್ತರ ಇದೇ.

ಆದರೆ ಈ ಪಾಲಿಗೆ ಗಡುವಿದೆ. ಕೆಲವೆಡೆ ಮೂರು ದಿನ, ಕೆಲವೆಡೆ ಹದಿನಾಲ್ಕು ದಿನ, ಅನಂತರ ಹೊರಡಬೇಕು. ಇದರಲ್ಲಿ ಅನ್ಯಾಯವಿಲ್ಲ. ಒಬ್ಬನೇ ನೆಲೆಯೂರಿದರೆ ನಾಳೆ ಬರುವವನಿಗೆ ಜಾಗವಿರುವುದಿಲ್ಲ. ನಮ್ಮ ಅನೇಕ ಧರ್ಮಶಾಲೆಗಳಲ್ಲಿಯೂ ಮೂರು ದಿನಕ್ಕಿಂತ ಹೆಚ್ಚು ತಂಗಬಾರದೆಂಬ ರೂಢಿಯಿತ್ತು. ಕಷ್ಟವಿರುವುದು ಬೇರೆ ಕಡೆ: ಹೊರಡಬೇಕಾದವನಿಗೆ ಮರಳಲು ಮನೆಯೇ ಇಲ್ಲದಿದ್ದರೆ? ಜೆಸಿಕಾ ಬ್ರೂಡರ್ 2017ರಲ್ಲಿ ಪ್ರಕಟಿಸಿದ 'ನೊಮ್ಯಾಡ್‌ಲ್ಯಾಂಡ್' ಕೃತಿ ಅಂಥವರನ್ನು ಕುರಿತದ್ದು. 2008ರ ಆರ್ಥಿಕ ಕುಸಿತದ ಅನಂತರದ ವರ್ಷಗಳಲ್ಲಿ ಬಾಡಿಗೆ ತೆರಲಾರದೆ ವಾಹನಗಳಲ್ಲಿಯೇ ಬದುಕಹೊರಟ ವೃದ್ಧರು ಋತುವಿಗೊಂದೂರಿನಂತೆ ಕೂಲಿ ಅರಸುತ್ತಾರೆ. ಬಿಡಾರದ ತಾಣಗಳನ್ನು ಗುಡಿಸಿ ಕಾಯುವ ಕೆಲಸವೂ ಅವುಗಳಲ್ಲೊಂದು. ವಿಹಾರಿಗಳಿಗೆ ಸ್ವಾಗತ ಹೇಳುವವನಿಗೇ ಮನೆಯಿಲ್ಲದ ವಿಪರ್ಯಾಸ ಅದು.

ಬಿಯಾಟ್ರಿಸ್‌ನಿಂದ ಕೆಲವೇ ಮೈಲು ದೂರದಲ್ಲಿ ಹೋಮ್‌ಸ್ಟೆಡ್ ಸ್ಮಾರಕವಿದೆ. 1862ರ ಕಾಯಿದೆಯಂತೆ ಐದು ವರ್ಷ ನೆಲೆನಿಂತು ಬೇಸಾಯ ಮಾಡಿದವನಿಗೆ 160 ಎಕರೆ ಭೂಮಿ ದೊರೆಯುತ್ತಿತ್ತು. ಅಲ್ಲಿ ಉಳಿದವನಿಗೆ ಹಕ್ಕು. ಉದ್ಯಾನದಲ್ಲಿ ಹೊರಡುವವನಿಗೆ ಮಾತ್ರ ಹಕ್ಕು. ಬಿಗ್ ಬ್ಲೂ ನದಿಯ ತೀರದಲ್ಲಿ ಅದಕ್ಕೂ ಮೊದಲಿಂದ ಇದ್ದ ಒಟೊ-ಮಿಸೌರಿಯ ಜನರನ್ನೋ 1880ರ ದಶಕದ ಆರಂಭದಲ್ಲಿ ಇಂದಿನ ಓಕ್ಲಹೋಮಕ್ಕೆ ಸಾಗಿಸಲಾಯಿತು. ಯಾರು ನೆಲಸಿಗ, ಯಾರು ಅಲೆಮಾರಿ ಎಂಬುದನ್ನು ನೆಲ ನಿರ್ಧರಿಸುವುದಿಲ್ಲ, ಕಾಗದ ನಿರ್ಧರಿಸುತ್ತದೆ. ಎಲ್ಲೆಯಾಚೆ ಉಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2024ರ ಜೂನ್ 28ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಈ ಪ್ರಶ್ನೆಯ ಕರಾಳ ಮುಖವನ್ನು ಎದುರಿಸಿತು. ಆರೆಗನ್ ರಾಜ್ಯದ ಗ್ರ್ಯಾಂಟ್ಸ್ ಪಾಸ್ ನಗರ ಸಾರ್ವಜನಿಕ ಸ್ಥಳಗಳಲ್ಲಿ ಹಾಸಿಗೆ ಹಾಸಿ ಬೀಡುಬಿಡುವುದನ್ನು ನಿಷೇಧಿಸಿ 295 ಡಾಲರಿನ ದಂಡ ವಿಧಿಸುತ್ತಿತ್ತು. ಮನೆಯಿಲ್ಲದವರಿಗೆ ಇದು ಕ್ರೂರ ಶಿಕ್ಷೆಯಲ್ಲವೇ ಎಂಬ ವಾದವನ್ನು ಆರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಮೂವರು ಭಿನ್ನಮತ ತಳೆದರು. ಬೀಡುಬಿಡುವುದೆಂಬ ಒಂದೇ ಕ್ರಿಯೆ ಮನೆಯಿದ್ದವನಿಗೆ ವಿಹಾರ, ಮನೆಯಿಲ್ಲದವನಿಗೆ ಅಪರಾಧ.

ಊರಿನ ತೆರಿಗೆದಾರರು ಇದಕ್ಕೆ ಆಕ್ಷೇಪಿಸಬಹುದು: ನಮ್ಮ ಉದ್ಯಾನ ನಮ್ಮ ಮಕ್ಕಳ ಆಟಕ್ಕಿದೆ, ಲೋಕದ ದುಃಖವನ್ನೆಲ್ಲ ಅದು ಹೊರಲಾರದು. ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ, ಸರಿಯೂ ಅಲ್ಲ. ವಿಹಾರದ ತಾಣವೇ ವಸತಿಗೃಹವಾಗಬೇಕೆಂದು ನಾನು ಹೇಳುತ್ತಿಲ್ಲ. ಹದಿನಾಲ್ಕು ದಿನದ ಗಡುವು ನ್ಯಾಯವಾಗಬೇಕಾದರೆ ಹದಿನೈದನೆಯ ದಿನ ತಟ್ಟಲು ಅದೇ ಊರಿನಲ್ಲಿ ಬೇರೊಂದು ಬಾಗಿಲಿರಬೇಕು ಎಂಬುದಷ್ಟೇ ನನ್ನ ವಾದ. ಆ ಬಾಗಿಲಿಲ್ಲದೆ ಗಡುವು ಮಾತ್ರವಿದ್ದರೆ, ಊರು ಸತ್ಕರಿಸುತ್ತಿರುವುದು ಮನುಷ್ಯನನ್ನಲ್ಲ, ಅವನು ಹೊರಟುಹೋಗುತ್ತಾನೆಂಬ ಭರವಸೆಯನ್ನು.

ನಮ್ಮ ಸೀಮೆಯನ್ನೂ ಇದೇ ಅಳತೆಗೋಲಿನಿಂದ ಅಳೆಯಬಹುದು. ಆಷಾಢದಲ್ಲಿ ವಿಜಯಪುರ, ಕಲಬುರಗಿಗಳ ಕಡೆಯಿಂದ ಸೊಲ್ಲಾಪುರದ ಹಾದಿಯಾಗಿ ಪಂಢರಪುರಕ್ಕೆ ನಡೆಯುವ ವಾರಕರಿಗಳಿಗೆ ಊರೂರೂ ಗುಡಿಯ ಪಡಸಾಲೆ ತೆರೆದು, ಊಟ ಬಡಿಸಿ, ಕಾಲಿಗೆ ಎಣ್ಣೆ ಕೊಡುತ್ತದೆ. ದೀಪಾವಳಿಯ ಆಸುಪಾಸಿನಲ್ಲಿ ಎತ್ತಿನ ಗಾಡಿ, ಟ್ರ್ಯಾಕ್ಟರುಗಳಲ್ಲಿ ಮಕ್ಕಳುಮರಿಗಳೊಡನೆ ಬರುವ ಕಬ್ಬು ಕಡಿಯುವ ಗ್ಯಾಂಗಿನವರಿಗೆ ಸಿಗುವುದು ಬದುವಿನ ಮೇಲಿನ ಗುಡಿಸಲು. ಇಬ್ಬರೂ ದಾರಿಹೋಕರೇ. ಒಬ್ಬನನ್ನು ಊರು ಪುಣ್ಯದ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ, ಇನ್ನೊಬ್ಬನನ್ನು ಕೂಲಿಯ ಲೆಕ್ಕದಲ್ಲಿ. ಒಂದು ನಲ್ಲಿ, ಒಂದು ದೀಪ, ಒಂದು ಶೌಚಗೃಹ. ಇಷ್ಟನ್ನು ಹಂಗಿನ ಮಾತಿಲ್ಲದೆ ಪಾಲೆಂದು ಕೊಡುವ ಮೂರನೆಯ ಲೆಕ್ಕ ನಮ್ಮಲ್ಲಿ ಇನ್ನೂ ಆರಂಭವಾಗಬೇಕಾಗಿದೆ.

ತಿಥಿ ಗೊತ್ತಿಲ್ಲದೆ ಬರುವವನೇ ಅತಿಥಿ ಎಂದು ಹಿರಿಯರು ಅರ್ಥ ಹೇಳುತ್ತಾರೆ. ಅವನು ಹೊರಡುವ ತಿಥಿಯನ್ನು ಊರು ಗೊತ್ತುಮಾಡಬಹುದು. ಅದಕ್ಕೆ ಆ ಅಧಿಕಾರವುಂಟು. ಹೊರಟವನು ಎಲ್ಲಿಗೆ ಹೋಗುತ್ತಾನೆ ಎಂದು ಕೇಳುವ ಹೊಣೆಯೂ ಆ ಅಧಿಕಾರದ ಜೊತೆಗೇ ಬರುತ್ತದೆ.