ನೆಲ ಕೆಟ್ಟ ಮೇಲೆ ನದಿ ಉಳಿದೀತೆ?

ನದಿಯ ಲೆಕ್ಕವನ್ನು ನಾವು ಕ್ಯೂಸೆಕ್, ಟಿಎಂಸಿಗಳಲ್ಲಿ ಇಡುತ್ತೇವೆ. ಎಷ್ಟು ನೀರು ಬಂತು, ಎಷ್ಟು ಹೋಯಿತು ಎಂಬುದೇ ನಮ್ಮ ಪ್ರಶ್ನೆ. ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರದ ಕಡೆಯಿಂದ ನೋಡಿದರೆ ಈ ಲೆಕ್ಕ ಸಾಲದು. ದಕ್ಷಿಣಕ್ಕೆ ಕೃಷ್ಣೆ, ಉತ್ತರಕ್ಕೆ ಡೋಣಿ. ಎರಡಕ್ಕೂ ಮಳೆಯೇ ಮೂಲ. ಆದರೆ ಸಹ್ಯಾದ್ರಿಯ ಮಳೆ ಹೊತ್ತು ಬರುವ ಕೃಷ್ಣೆ ಆಲಮಟ್ಟಿಯಲ್ಲಿ ನಿಂತು ಊರುಗಳಿಗೆ ಕುಡಿಯುವ ನೀರಾದರೆ, ಮಳೆ ಕಡಿಮೆಯಿರುವ ಎರೆಸೀಮೆಯಲ್ಲೇ ಹರಿಯುವ ಡೋಣಿ ಉಪ್ಪುಪ್ಪು. ಡೋಣಿಯ ದಂಡೆಯ ಎರೆಮಣ್ಣು ಬಿಳಿಜೋಳಕ್ಕೆ ಹೆಸರಾಗಿದೆ. ಅದೇ ಮಣ್ಣಿನ ಹೂಳಿನಿಂದ ಪಾತ್ರ ತುಂಬಿ, ಜೋರು ಮಳೆಯಾದಾಗ ತಾಳಿಕೋಟೆಯ ಬಳಿ ಸೇತುವೆ ಮುಳುಗುತ್ತದೆ. ನದಿಯ ಗುಣವನ್ನು ನೀರಿನಷ್ಟೇ ನೆಲವೂ ನಿರ್ಧರಿಸುತ್ತದೆ. ಹಾಗಿದ್ದ ಮೇಲೆ ನದಿಯ ಬಗೆಗಿನ ನಮ್ಮ ಹೊಣೆ ದಂಡೆಯಲ್ಲಿ ಅಲ್ಲ, ದಂಡೆಯಿಂದ ಬಹುದೂರದ ಹೊಲದಲ್ಲಿ ಶುರುವಾಗುತ್ತದೆ.

ಈ ಮಾತಿಗೆ ಇಂದು ಅತ್ಯಂತ ದೊಡ್ಡ ಸಾಕ್ಷಿ ಇರುವುದು ಭೂಮಿಯ ಉತ್ತರದ ತುದಿಯಲ್ಲಿ. ಸೈಬೀರಿಯ, ಅಲಾಸ್ಕ, ಕೆನಡಗಳಲ್ಲಿ ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿಯೇ ಇರುವ ನೆಲವಿದೆ; ವಿಜ್ಞಾನಿಗಳು ಅದನ್ನು ಪರ್ಮಾಫ್ರಾಸ್ಟ್ ಎನ್ನುತ್ತಾರೆ, ನಾವು ಹಿಮನೆಲ ಎನ್ನೋಣ. ಭೂಮಿ ಬಿಸಿಯಾದಂತೆ ಅದು ಕರಗುತ್ತಿದೆ. ಅಲಾಸ್ಕದ ಬ್ರೂಕ್ಸ್ ಪರ್ವತಶ್ರೇಣಿಯಲ್ಲಿ ತಿಳಿನೀರಿನ 75 ತೊರೆಗಳು ಕಿತ್ತಳೆ ಬಣ್ಣಕ್ಕೆ ತಿರುಗಿರುವುದನ್ನು 2024ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿತು. ಕಾರಣ ಗಣಿಯಲ್ಲ, ಕಾರ್ಖಾನೆಯಲ್ಲ. ಹಿಮನೆಲದಲ್ಲಿ ಮುಚ್ಚಿಹೋಗಿದ್ದ ಕಬ್ಬಿಣ-ಗಂಧಕದ ಖನಿಜಕ್ಕೆ ನೀರು, ಗಾಳಿ ತಾಗಿದ್ದೇ ತಡ, ಆಮ್ಲ ಹುಟ್ಟುತ್ತದೆ. ಆಮ್ಲ ಬಂಡೆಯಿಂದ ಸತು, ತಾಮ್ರಗಳನ್ನೂ ಬಿಡಿಸಿ ತರುತ್ತದೆ. ಕಬ್ಬಿಣ ತುಕ್ಕಾಗಿ ತೊರೆಯ ತಳದ ಪ್ರತಿ ಕಲ್ಲಿನ ಮೇಲೂ ಮೆತ್ತಿಕೊಳ್ಳುತ್ತದೆ. ಕಲ್ಲಿಗಂಟಿ ಬದುಕುವ ಹುಳುಗಳು ಮೊದಲು ಹೋಗುತ್ತವೆ, ಹಿಂದೆಯೇ ಮೀನು. ಇನ್ನು ಕೆಲವೆಡೆ ದಂಡೆಗಳೇ ಕುಸಿದು ನದಿಗೆ ಕೆಸರು ಸುರಿಯುತ್ತಿವೆ. ಚಳಿಗಾಲದ ಹರಿವು ಹಲವು ನದಿಗಳಲ್ಲಿ ಹೆಚ್ಚಿದೆ. ನೀರು ಹೆಚ್ಚಾಯಿತಲ್ಲ, ಒಳ್ಳೆಯದೇ ಎನ್ನುವವರು ಆ ಕಿತ್ತಳೆ ತೊರೆಗಳನ್ನು ನೆನೆಯಬೇಕು: ಟಿಎಂಸಿ ಲೆಕ್ಕದಲ್ಲಿ ಅಲ್ಲಿ ಏನೂ ಕೆಟ್ಟಿಲ್ಲ.

ಅಲಾಸ್ಕದ ಹಿಮನೆಲಕ್ಕೂ ನಮ್ಮ ಬರದ ಸೀಮೆಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಗಾಳಿಯದು. ಉತ್ತರದ ಹಿಮನೆಲದಲ್ಲೆಲ್ಲ ಅಡಗಿರುವ ಇಂಗಾಲ ವಾತಾವರಣದಲ್ಲಿರುವುದರ ಸುಮಾರು ಎರಡರಷ್ಟು. ಅದರಲ್ಲಿ ಒಂದು ಪಾಲು ಹೊರಬಿದ್ದರೂ ಬಿಸಿಲು ಇಂಡಿ-ಸಿಂದಗಿಯನ್ನು ಬಿಟ್ಟು ಏರುವುದಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಡೋಣಿಯ ಉಪ್ಪನ್ನಾಗಲಿ ಹಿಮನೆಲದ ಖನಿಜವನ್ನಾಗಲಿ ಮನುಷ್ಯ ತಂದಿಲ್ಲ; ಪ್ರಕೃತಿ ಇಟ್ಟದ್ದಕ್ಕೆ ಯಾರು ಹೊಣೆ? ಈ ಮಾತನ್ನು ಅರ್ಧ ಒಪ್ಪಬೇಕು. ಇಟ್ಟದ್ದು ಪ್ರಕೃತಿಯೇ. ಆದರೆ ಅದನ್ನು ಕದಡುವುದು, ಬಿಡುವುದು ನಮ್ಮ ಕೈಯಲ್ಲಿದೆ. ಅಲಾಸ್ಕದಲ್ಲಿ ಕದಡಿದ್ದು ನಾವು ಸುಟ್ಟ ಕಲ್ಲಿದ್ದಲು, ಎಣ್ಣೆ. ನಮ್ಮಲ್ಲಿ ಕದಡುವುದು ನೀರಾವರಿ. ಬಸಿಗಾಲುವೆಯಿಲ್ಲದೆ ಎರೆಹೊಲಕ್ಕೆ ಮೇಲಿಂದ ಮೇಲೆ ನೀರು ಬಿಟ್ಟರೆ ಅಂತರ್ಜಲ ಮೇಲೇರುತ್ತದೆ, ಜೊತೆಗೆ ಕೆಳಗಿದ್ದ ಉಪ್ಪೂ. ನೀರು ಆರಿದ ಮೇಲೆ ಹೊಲದ ಮೇಲೆ ಬೆಳ್ಳಗೆ ಉಳಿಯುವುದು ಆ ಉಪ್ಪೇ. ಕೃಷ್ಣಾ ಮೇಲ್ದಂಡೆ ಯೋಜನೆಯ ಅಚ್ಚುಕಟ್ಟಿನ ರೈತರಿಗೆ ಸವಳು-ಜವಳು ಹೊಸ ಮಾತಲ್ಲ. ನೀರಿಲ್ಲದೆ ತಲೆಮಾರುಗಳು ಬಳಲಿದ ಸೀಮೆಗೆ ಕಾಲುವೆ ಬೇಡ ಎನ್ನುವುದು ಕ್ರೌರ್ಯ, ನಾನದನ್ನು ಹೇಳುತ್ತಿಲ್ಲ. ಕಾಲುವೆ ತೋಡಿದ ಕೈ ಬಸಿಗಾಲುವೆಯನ್ನೂ ತೋಡಬೇಕಿತ್ತು ಎನ್ನುತ್ತಿದ್ದೇನೆ.

ಹಿಮನೆಲ ಒಮ್ಮೆ ಕರಗಿದರೆ ನಮ್ಮ ಆಯುಷ್ಯದಲ್ಲಿ ಮತ್ತೆ ಹೆಪ್ಪುಗಟ್ಟುವುದಿಲ್ಲ. ಸವಳು ಹೊಲ ಹಾಗಲ್ಲ. ಖರ್ಚು, ತಾಳ್ಮೆ ಎರಡೂ ಇದ್ದರೆ ತಿದ್ದಬಹುದು. ಡೋಣಿಯ ಹೂಳೆತ್ತಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಆ ಹೂಳು ಬರುವುದು ಹೊಲದಿಂದ. ಹೊಲದ ಬದು, ಬಸಿಗಾಲುವೆ, ಮಣ್ಣಿನ ಪರೀಕ್ಷೆ ಇವನ್ನು ಬಿಟ್ಟು ಪಾತ್ರವನ್ನಷ್ಟೇ ಅಗೆಯುವ ಯೋಜನೆಗೆ ವಿಜಯಪುರದ ಜನ ಒಪ್ಪಬಾರದು.