ಗೋಲು ಬೀಳುವ ತನಕ

ಸಕಲೇಶಪುರ, ಆಲೂರು ಕಡೆಯ ಹುಡುಗರಿಗೆ ಕ್ರಿಕೆಟ್ ಹುಚ್ಚೇ ಹೆಚ್ಚು. ಆದರೂ ಮಳೆ ಹಿಡಿದು ಮೈದಾನ ಕೆಸರಾದ ಮೇಲೆ ಕಾಲಿಗೆ ಒದಗುವುದು ಫುಟ್‌ಬಾಲೇ. ಯುರೋಪಿನ ಪಂದ್ಯಗಳನ್ನು ಮೊಬೈಲಿನಲ್ಲಿ ನೋಡುವ ಹುಡುಗರಿಗೆ ನೈಜೀರಿಯಾದ ವಿಕ್ಟರ್ ಒಸಿಮ್ಹೆನ್ ಯಾರೆಂದು ಹೇಳಿಕೊಡಬೇಕಿಲ್ಲ.

ಲಾಗೋಸ್‌ನ ಕಸದ ಗುಡ್ಡೆಯ ಪಕ್ಕದ ಬಡಾವಣೆಯಲ್ಲಿ ಬೆಳೆದು, ವಾಹನಗಳ ಸಂದಿಯಲ್ಲಿ ಓಡಾಡಿ ನೀರು ಮಾರುತ್ತಿದ್ದ ಹುಡುಗ. 2015ರ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ 10 ಗೋಲು. 2022–23ರಲ್ಲಿ ಇಟಲಿಯ ನಾಪೋಲಿ ತಂಡಕ್ಕೆ 26 ಗೋಲು ಹೊಡೆದರು. ಮರಡೋನಾ ಕಾಲದ ನಂತರ 33 ವರ್ಷ ಕಾದಿದ್ದ ಊರಿಗೆ ಲೀಗ್ ಪ್ರಶಸ್ತಿ ಬಂತು. ಅವರು ಹಾಕುತ್ತಿದ್ದ ಕಪ್ಪು ಮುಖಕವಚದ ನಕಲು ಅಭಿಮಾನಿಗಳ ಮುಖದ ಮೇಲೂ ಕಾಣಿಸಿತು. 2023ರ ಸೆಪ್ಟೆಂಬರಿನಲ್ಲಿ ಒಂದು ಪೆನಾಲ್ಟಿ ತಪ್ಪಿತು. ಸ್ವಂತ ಕ್ಲಬ್ಬಿನ ಟಿಕ್‌ಟಾಕ್ ಖಾತೆಯಲ್ಲೇ ಅವರನ್ನು ಗೇಲಿ ಮಾಡುವ ವಿಡಿಯೊ ಬಂತು! ನೋಯಿಸುವ ಉದ್ದೇಶ ಇರಲಿಲ್ಲ ಎಂದು ಕ್ಲಬ್ಬು ಆಮೇಲೆ ಹೇಳಿತು. ಹಾಗೆ ಹೇಳದವರು ಯಾರಿದ್ದಾರೆ?

ಇಟಲಿಯವರನ್ನು ಬೈದು ಕೈತೊಳೆದುಕೊಳ್ಳಬಹುದು. ಆದರೆ ನಮ್ಮ ಬೆನ್ನು ನಮಗೆ ಕಾಣದು. 2021ರಲ್ಲಿ ಬೆಂಗಳೂರು ಎಫ್‌ಸಿ ಕಾಂಗೋದ ಸ್ಟ್ರೈಕರ್ ಪ್ರಿನ್ಸ್ ಇಬಾರಾ ಅವರನ್ನು ಕರೆತಂದಿತು; ಅಭಿಮಾನಿಗಳು ಅವರ ಗೋಲುಗಳಿಗೆ ಸಂಭ್ರಮಿಸಿದರು. ಅದೇ ನಗರದ ಹೆಸರಘಟ್ಟ ಕಡೆ, 2016ರ ಜನವರಿ 31ರ ರಾತ್ರಿ, ಸುಡಾನಿನವನೊಬ್ಬನ ಕಾರು ಮಹಿಳೆಯೊಬ್ಬರ ಜೀವ ತೆಗೆದ ಸಿಟ್ಟಿನಲ್ಲಿದ್ದ ಗುಂಪು, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಹೊಡೆಯಿತು. ಬಣ್ಣ ಒಂದೇ ಆಗಿದ್ದುದೇ ಸಾಕಾಯಿತು.

ಮೆಚ್ಚುಗೆಯಲ್ಲೂ ಈ ಕುರುಡು ಇದೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಮಕ್ಕಳನ್ನು 1987ರಿಂದ ಭಾರತೀಯ ಕ್ರೀಡಾ ಪ್ರಾಧಿಕಾರ ತರಬೇತಿಗೆ ಆರಿಸಿಕೊಂಡಿತು: ಆಫ್ರಿಕಾದ ರಕ್ತ, ಓಡಿಯೇ ಓಡುತ್ತಾರೆ ಎಂಬ ಲೆಕ್ಕ. ಕಮಲಾ ಮಿಂಗೆಲ್ ಸಿದ್ದಿಯಂಥವರು ರಾಷ್ಟ್ರಮಟ್ಟಕ್ಕೆ ಬೆಳೆದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಕಾಲು ಬೇಕಿತ್ತು, ಕಾಲಿನ ಮೇಲಿದ್ದ ಮನುಷ್ಯ ಬೇಕಿರಲಿಲ್ಲ ಎಂದರೆ ಕಟುವಾದೀತು, ಸುಳ್ಳಾಗದು.

ಜನಪ್ರಿಯತೆ ಪ್ರೀತಿಯಲ್ಲ, ಫಲಕ್ಕೆ ಕೊಡುವ ಕೂಲಿ. ಫಲ ನಿಂತ ದಿನ ಅದೂ ನಿಲ್ಲುತ್ತದೆ. ಮರ್ಯಾದೆಯ ಮಾತೇ ಬೇರೆ: ಅದು ಗೋಲು ಹೊಡೆಯದವನಿಗೂ ಸಲ್ಲಬೇಕಾದ್ದು.

ನಮ್ಮ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಂ, ಬಂಗಾಳದ ಕಡೆಯವರಿದ್ದಾರೆ. ಹಣ್ಣು ಕೊಯ್ಯುವ, ಮೆಣಸಿನ ಏಣಿ ಹತ್ತುವ ಕೆಲಸ ಎಷ್ಟೋ ಕಡೆ ಅವರಿಂದಲೇ ಸಾಗುತ್ತಿದೆ. ಲಾಗೋಸ್‌ನ ಹುಡುಗನ ಹೆಸರು ನಮ್ಮ ಮಕ್ಕಳಿಗೆ ತಪ್ಪಿಲ್ಲದೆ ಬರುತ್ತದೆ. ಲೈನಿನಲ್ಲಿರುವ ಹುಡುಗನನ್ನು ಮಾತ್ರ ‘ಏ ಬಂಗಾಲಿ’ ಎಂದು ಕೂಗುತ್ತೇವೆ. ನಾಳೆ ಬೆಳಿಗ್ಗೆ ಹಾಜರಿ ಕರೆಯುವ ಹೊತ್ತಿಗೆ ಅವನ ಹೆಸರು ಕೇಳಿ, ಆ ಹೆಸರಿನಿಂದಲೇ ಕರೆಯಿರಿ.